ಕೆಂಚರಾಯನ ಕೆನ್ನೆಯ ಗುಳಿ

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಗಾದೆ ಕಟ್ಟಿದವನ ನಾಲಿಗೆಗೆ ಹುಳ ಬೀಳಲಿ. ನನ್ನ ಗಂಡ ಬೆನಕಾಚಾರಿ ಯಾರ ಚಿನ್ನದಲ್ಲೂ ಒಂದು ಗುಲಗಂಜಿ ತೂಕ ಕದ್ದವನಲ್ಲ, ಬೆಳ್ಳಿಗೆ ತಾಮ್ರ ಬೆರೆಸಿದವನಲ್ಲ. ಕದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಕಳ್ಳನಿಗೆ ಸಿಕ್ಕಿಬೀಳುವ ಭಯವಾದರೂ ಇರುತ್ತದೆ. ನನ್ನ ಗಂಡನಿಗಿದ್ದದ್ದು ತನ್ನ ಕೈಕೆಲಸದ ಜಂಬ. ಅದಕ್ಕೆ ಭಯವೂ ಇಲ್ಲ, ನಾಚಿಕೆಯೂ ಇಲ್ಲ.

ನಮ್ಮೂರು ಸಿದ್ದನಕಟ್ಟೆ, ಅಜ್ಜಂಪುರದಿಂದ ಎರಡು ಹರದಾರಿ. ಎಪ್ಪತ್ತು ಮನೆ, ಒಂದು ಕೆರೆ, ಕೆರೆಯ ಕೆಳಗೆ ತೆಂಗು, ಆಚೆ ದಿಬ್ಬದ ಮೇಲೆ ರಾಗಿ ಹೊಲ. ಊರ ದೇವರು ಕೆಂಚರಾಯ, ಊರ ಪಟೇಲ ತಮ್ಮಯ್ಯ. ತಮ್ಮಯ್ಯ ಚೆಲುವ, ಅದನ್ನು ನಾನೂ ಒಪ್ಪುತ್ತೇನೆ. ನಲವತ್ತು ದಾಟಿದ್ದರೂ ನೆಟ್ಟಗಿನ ಮೈ, ಕೆಂಪು ಬಣ್ಣ, ಹುರಿ ಮಾಡಿದ ಮೀಸೆ, ನಕ್ಕರೆ ಎಡಗೆನ್ನೆಯಲ್ಲಿ ಒಂದು ಗುಳಿ. ಗಂಡಸು ಚೆಲುವನಾಗಿ ಹುಟ್ಟುವುದು ತಪ್ಪಲ್ಲ. ಆದರೆ ಈ ಮನುಷ್ಯ ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಕನ್ನಡಿ ಇಟ್ಟುಕೊಂಡು ತಿರುಗುತ್ತಿದ್ದ. ಪಂಚಾಯಿತಿಯಲ್ಲಿ ಒಬ್ಬ ಹೆಂಗಸು ಗಂಡ ಹೊಡೆದ ಗಾಯ ತೋರಿಸಿ ಅಳುತ್ತಿದ್ದರೆ ಇವನು ಕನ್ನಡಿ ತೆಗೆದು ಮೀಸೆ ತಿದ್ದಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಂಚರಾಯ ಎಂದರೆ ಮೂಲದಲ್ಲಿ ಒಂದು ಗುಂಡುಕಲ್ಲು. ಅದರ ಮುಂದೆ ಕಟ್ಟಲು ಒಂದು ಹಿತ್ತಾಳೆಯ ಮುಖವಿತ್ತು, ಯಾವ ಕಾಲದ್ದೋ ಏನೋ. ಉಜ್ಜಿ ಉಜ್ಜಿ ಕಣ್ಣು, ಮೂಗು ಎಲ್ಲ ಸವೆದು ರೊಟ್ಟಿಯ ಹಾಗಾಗಿತ್ತು. ಆ ರೊಟ್ಟಿ ಮುಖದ ಮುಂದೆಯೇ ನಮ್ಮೂರಿನವರು ತಲೆತಲಾಂತರದಿಂದ ಹೂ ಕೇಳುತ್ತಿದ್ದರು. ಮದುವೆಗೆ ಹೆಣ್ಣು ತರಬೇಕೇ, ಬಾವಿ ತೋಡಬೇಕೇ, ಜಗಳ ಬಿಡಬೇಕೇ, ಎಲ್ಲಕ್ಕೂ ಹೂವೇ ತೀರ್ಮಾನ. ಪೂಜಾರಿ ಕೆಂಚಪ್ಪ ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ದೇವರ ಎರಡು ಕೆನ್ನೆಗೂ ಅಂಟಿಸುತ್ತಾನೆ. ಪ್ರಶ್ನೆ ಕೇಳುತ್ತಾನೆ. ಬಲಗೆನ್ನೆಯದು ಮೊದಲು ಬಿದ್ದರೆ ಆಗಲಿ ಎಂದು ಅರ್ಥ, ಎಡಗೆನ್ನೆಯದು ಬಿದ್ದರೆ ಬೇಡ ಎಂದು. ಎಡಕ್ಕೆ ಬಿದ್ದು ಎಷ್ಟೋ ಮದುವೆ ಮುರಿದಿವೆ. ನನ್ನ ಸೋದರಮಾವನ ಮಗನಿಗೆ ನನ್ನನ್ನು ಕೇಳಿದಾಗ ಎಡಕ್ಕೆ ಬಿತ್ತು, ಅದಕ್ಕೇ ಬೆನಕಾಚಾರಿಯ ಕೈ ಹಿಡಿದೆ. ಆ ಹಳೆಯ ಮುಖದ ಮೇಲೆ ನನಗೆ ಇದ್ದ ಸಿಟ್ಟು ಅದೊಂದೇ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಿದ್ದು ಏಳೆಂಟು ವರ್ಷವಾಗಿದ್ದಾಗ ತಮ್ಮಯ್ಯನಿಗೆ ದೇವರ ಮುಖ ಬದಲಾಯಿಸುವ ಯೋಚನೆ ಬಂತು. ಅಕ್ಕಪಕ್ಕದ ಊರಿನವರ ಮುಂದೆ ಇಂಥ ಸವಕಲು ದೇವರನ್ನು ಇಟ್ಟುಕೊಳ್ಳುವುದು ಅವಮಾನವಂತೆ. ಬೆಳ್ಳಿಯ ಮುಖ ಆಗಬೇಕು ಎಂದ. ಯಾರ ಬೆಳ್ಳಿ? ಊರ ಹೆಂಗಸರದ್ದು. ನಾನು ಕಾಲುಗಡಗ ಕೊಟ್ಟೆ. ಸೂಲಗಿತ್ತಿ ಹುಚ್ಚಮ್ಮ, ಗಂಡ ಸತ್ತ ಮೇಲೆ ತನಗೆ ಉಳಿದಿದ್ದ ಒಂದು ಜೊತೆ ತೋಳಬಂದಿ ಕೊಟ್ಟಳು. ತಮ್ಮಯ್ಯ ತನ್ನ ಹಳೆಯ ಸುಣ್ಣದ ಡಬ್ಬಿ ಕೊಟ್ಟು ಕೈ ತೊಳೆದುಕೊಂಡ.

ಕೆಲಸ ನಮ್ಮ ಜಗಲಿಯ ಮೇಲೆ ಶುರುವಾಯಿತು. ಮೊದಲು ಮೇಣದಲ್ಲಿ ಮುಖದ ಮಾದರಿ ಮಾಡಬೇಕು, ಆಮೇಲೆ ಬೆಳ್ಳಿ ತಗಡನ್ನು ಅರಗಿನ ಮೇಲೆ ಕೂರಿಸಿ ಉಳಿಯಿಂದ ಉಬ್ಬಿಸಬೇಕು. ತಮ್ಮಯ್ಯ ಮೊದಲ ದಿನ ಸುಮ್ಮನೆ ನೋಡಲು ಬಂದವನು ಆಮೇಲೆ ದಿನಾ ಬಂದ. ನನ್ನ ಹಾಗೆ ಮಾಡು ಎಂದು ಅವನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಬೆಳಕು ಬೀಳುವ ಕಡೆ ಮುಖ ಮಾಡಿ ಕೂರುತ್ತಿದ್ದ, ಅಷ್ಟೇ. "ಮೂಗು ಇನ್ನೂ ಒಂಚೂರು ನೀಟಾಗಿರ್ಲಿ ಆಚಾರಿ," ಎನ್ನುತ್ತಿದ್ದ. "ಹುಬ್ಬು ಹಂಗಲ್ಲ, ಹಿಂಗೆ," ಎಂದು ತನ್ನ ಹುಬ್ಬನ್ನೇ ಬೆರಳಿಂದ ಸವರಿ ತೋರಿಸುತ್ತಿದ್ದ. ನನ್ನ ಗಂಡ ಅವನ ಮುಖ ನೋಡುವುದು, ಮೇಣ ತಿದ್ದುವುದು, ಮತ್ತೆ ನೋಡುವುದು.

ಕೊನೆಗೆ ಒಂದು ದಿನ ತಮ್ಮಯ್ಯ ಹೇಳಿದ. "ಈ ಗುಳಿ ಐತಲ್ಲ, ನಮ್ಮವ್ವ ಹೇಳೋಳು, ನಾನು ಹುಟ್ಟಿದಾಗ ಕೆಂಚರಾಯ ಬಂದು ಬೆರಳಿಟ್ಟು ಮುಟ್ಟಿದ ಗುರ್ತು ಅಂತ. ಅವನ ಬೆರಳಿನ ಗುರ್ತು ಅವನ ಮುಖದಾಗೆ ಇದ್ರೆ ತಪ್ಪೇನು?"

ನಾನು ತಿದಿ ಒತ್ತುತ್ತಿದ್ದೆ. "ದೇವರೇನು ತನ್ನ ಕೆನ್ನೆಗೆ ತಾನೇ ಬೆರಳಿಟ್ಕೊಂಡನೇ?" ಎಂದು ಕೇಳಿದೆ. ತಮ್ಮಯ್ಯ ನಕ್ಕ. ನಗುವಾಗಲೂ ಗುಳಿ ಚೆನ್ನಾಗಿ ಕಾಣುವಂತೆ ಮುಖ ತಿರುಗಿಸಿಕೊಂಡು ನಕ್ಕ. ನನ್ನ ಗಂಡ ಮಾತ್ರ ನನ್ನನ್ನು ಸುಡುವ ಹಾಗೆ ನೋಡಿದ. ಅವನಿಗೆ ಆ ಗುಳಿ ಒಂದು ಸವಾಲಾಗಿತ್ತು. ಮೂಗು, ಮೀಸೆ ಯಾವ ಅಕ್ಕಸಾಲಿಯಾದರೂ ಮಾಡುತ್ತಾನೆ, ಬೆಳ್ಳಿಯಲ್ಲಿ ನಗು ತರುವುದು ಎಷ್ಟು ಜನಕ್ಕೆ ಸಾಧ್ಯ? ಹನ್ನೊಂದು ದಿನ ಆ ಒಂದು ಗುಳಿಗೆ ಕೂತ. ಊಟಕ್ಕೆ ಕರೆದರೆ ಬಯ್ಯುತ್ತಿದ್ದ.

ಕಣ್ಣು ತೆರೆಸುವ ದಿನ ಊರೆಲ್ಲ ಗುಡಿಯಲ್ಲಿ ಸೇರಿತು. ಹೊಸ ಮುಖದ ಕಣ್ಣನ್ನು ಚಿನ್ನದ ಸೂಜಿಯಿಂದ ಗೀರಿ ತೆರೆಸಿದಾಗ ಅದರ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ಕನ್ನಡಿಯ ಮೇಲೆ ಬೀಳಬೇಕು ಎಂದು ಶಾಸ್ತ್ರ. ಕನ್ನಡಿ ಹಿಡಿದು ನಿಂತವನು ತಮ್ಮಯ್ಯ. ಅದನ್ನು ಅವನು ದೇವರಿಗೆ ಹಿಡಿದಿದ್ದನೋ ತನಗೇ ಹಿಡಿದುಕೊಂಡಿದ್ದನೋ, ನಿಂತ ನಿಲುವು ನೋಡಿದರೆ ಹೇಳುವುದು ಕಷ್ಟವಿತ್ತು. ಬಟ್ಟೆ ಸರಿಸಿದಾಗ ಜನ ಕತ್ತು ಚಾಚಿ ನೋಡಿದರು. ಪಟೇಲ ತಮ್ಮಯ್ಯ ಬೆಳ್ಳಿಯಲ್ಲಿ ನಗುತ್ತಿದ್ದ. ಕುರುಡನಿಗೂ ಗೊತ್ತಾಗುವ ಹಾಗಿತ್ತು. ಆಮೇಲೆ ಪೂಜಾರಿ ಕೆಂಚಪ್ಪ, "ಪಟೇಲರ ವಂಶದ ಮ್ಯಾಲೆ ಸ್ವಾಮಿಗೆ ಪ್ರೀತಿ, ಅದಕ್ಕೇ ಅವರ ರೂಪದಾಗೆ ಬಂದವ್ನೆ," ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಎಲ್ಲರೂ ಅಡ್ಡಬಿದ್ದರು. ನಾನೂ ಬಿದ್ದೆ, ಹೇಳಬೇಕಲ್ಲ.

ಅವತ್ತಿನಿಂದ ಹೂ ಬಲಕ್ಕೇ ಬೀಳತೊಡಗಿತು.

ಮೊದಮೊದಲು ಯಾರಿಗೂ ಅನುಮಾನವಾಗಲಿಲ್ಲ, ಸಂತೋಷವೇ ಆಯಿತು. ಕೇಳಿದ್ದಕ್ಕೆಲ್ಲ ಆಗಲಿ ಎನ್ನುವ ದೇವರು ಯಾರಿಗೆ ಬೇಡ? ಆದರೆ ಕೇಳುವವರಲ್ಲಿ ತಮ್ಮಯ್ಯ ಮುಂದಿದ್ದ. ಕೆರೆಯ ಕೆಳಗೆ ಈರಣ್ಣ ಎಂಬ ರೈತನ ತೆಂಗಿನ ತೋಟವಿತ್ತು, ನಲವತ್ತು ಮರ, ಅಪ್ಪ ನೆಟ್ಟದ್ದು. ಆ ತೋಟವನ್ನು ದೇವರ ಸೇವೆಗೆ ಬಿಡಬೇಕೇ ಎಂದು ತಮ್ಮಯ್ಯ ಹೂ ಕೇಳಿಸಿದ. ಬಲಕ್ಕೆ ಬಿತ್ತು. ಈರಣ್ಣ ಕೈಮುಗಿದು ತೋಟ ಬಿಟ್ಟುಕೊಟ್ಟು, ಹೆಂಡತಿಯನ್ನು ಕರೆದುಕೊಂಡು ಕಡೂರಿಗೆ ಹೋದ. ಅಲ್ಲಿ ಸ್ಟೇಷನ್ನಿನಲ್ಲಿ ಬೇರೆಯವರ ಕಾಯಿ ಮೂಟೆ ಹೊತ್ತು ಬದುಕಿದ. ದೇವರ ತೋಟದ ಎಳನೀರು ಯಾರು ಕುಡಿದರು ಎಂದು ನಾನು ಹೇಳಬೇಕಾಗಿಲ್ಲ.

ಯುಗಾದಿಗೆ ಮುಂಚೆ ಮುಖವನ್ನು ಬೆಳಗುವುದಕ್ಕೆ ನಮ್ಮ ಮನೆಗೆ ತಂದಿದ್ದರು. ವಿಭೂತಿ ಹಚ್ಚಿ ಒರೆಸುವಾಗ ಎಡಗೆನ್ನೆಯ ಗುಳಿಯಲ್ಲಿ ಒಂದು ಒಣಗಿದ ಕಣಗಿಲೆಯ ಎಸಳು ಕಚ್ಚಿಕೊಂಡಿತ್ತು. ಉಗುರಿನಿಂದ ಕಿತ್ತೆ. ಕಿತ್ತ ಮೇಲೆ ನನ್ನ ತಲೆಯಲ್ಲಿ ಏನೋ ಹೊಳೆಯಿತು. ಮುಖವನ್ನು ಗೋಡೆಗೆ ನಿಲ್ಲಿಸಿ, ಹಿತ್ತಿಲಿನ ಎರಡು ಹೂ ತಂದು, ನೀರಲ್ಲಿ ಅದ್ದಿ ಅಂಟಿಸಿದೆ. ಹೆಂಗಸು ಮುಟ್ಟಬಾರದ ಕೆಲಸ, ಆದರೂ ಮಾಡಿದೆ. ಬಲಕ್ಕೆ ಬಿತ್ತು. ಮತ್ತೆ ಅಂಟಿಸಿದೆ. ಮತ್ತೆ ಬಲಕ್ಕೆ. ಹತ್ತು ಸಲ ಮಾಡಿದೆ, ಹತ್ತು ಸಲವೂ ಬಲಕ್ಕೆ. ಬಲಗೆನ್ನೆ ನುಣುಪು, ಹೂ ನಿಲ್ಲುವುದಿಲ್ಲ. ಎಡಗೆನ್ನೆಯಲ್ಲಿ ಹೂವಿನ ತೊಟ್ಟು ಗುಳಿಯೊಳಗೆ ಕೂತುಬಿಡುತ್ತದೆ, ಬೀಳುವುದಿಲ್ಲ. ಈರಣ್ಣನ ನಲವತ್ತು ಮರ ತಿಂದದ್ದು ದೇವರಲ್ಲ, ನನ್ನ ಗಂಡನ ಉಳಿ.

ಗಂಡನನ್ನು ಕರೆದು ತೋರಿಸಿದೆ. ಅವನ ಮುಖ ಬಿಳಿಚಿಕೊಳ್ಳುತ್ತದೆ ಎಂದುಕೊಂಡಿದ್ದೆ. ಅವನು ಹತ್ತಿರ ಬಂದು ಬಗ್ಗಿ ನೋಡಿ, ನಿಧಾನವಾಗಿ ನಕ್ಕ. "ಅಂದ್ರೆ ಗುಳಿ ಅಷ್ಟು ಚೆಂದ ಕೂತದೆ ಅಂತಾಯ್ತು," ಎಂದ.

"ಹಿಂದ್ಗಡೆಯಿಂದ ಒಂದೇಟು ಹಾಕಿ ಗುಳಿ ಎತ್ತಿಬಿಡ್ರೀ," ಎಂದೆ. "ಈರಣ್ಣನ ಹೊಟ್ಟೆ ಮ್ಯಾಲೆ ಹೊಡೆದಾಯ್ತು, ಇನ್ನೆಷ್ಟು ಜನದ್ದು?"

"ಹನ್ನೊಂದು ದಿನದ ಕೆಲ್ಸ ಕಣೇ ಅದು. ತರೀಕೆರೆಯಿಂದ ಆಚಾರಿಗಳು ಬಂದು ನೋಡ್ಕೊಂಡು ಹೋದ್ರು. ಮುಟ್ಟಲ್ಲ ನಾನು."

ಮುಟ್ಟಲಿಲ್ಲ. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಮಾರನೆಯ ದಿನವೇ ಹೋಗಿ ತಮ್ಮಯ್ಯನ ಕಿವಿಯಲ್ಲಿ ಊದಿದ. ತಮ್ಮಯ್ಯ ಮೊದಲು ಗಾಬರಿಯಾದನಂತೆ, ಆಮೇಲೆ ಯೋಚನೆ ಮಾಡಿ ಒಂದು ಶಾಲು ಹೊದಿಸಿ ಕಳಿಸಿದ. ನನ್ನ ಗಂಡ ಆ ಶಾಲನ್ನು ಚೈತ್ರದ ಬಿಸಿಲಲ್ಲಿ ಹೊದ್ದುಕೊಂಡು ಬೆವರುತ್ತಾ ಊರೆಲ್ಲ ತಿರುಗಿದ. ಅಲ್ಲಿಯವರೆಗೆ ತಮ್ಮಯ್ಯ ಬರೀ ಜಂಬಗಾರನಾಗಿದ್ದ, ದೇವರು ತನ್ನ ಕಡೆ ಇದ್ದಾನೆ ಎಂದು ನಿಜವಾಗಿ ನಂಬಿದ್ದ. ಈಗ ದೇವರು ತನ್ನ ಕೈಯಲ್ಲಿದ್ದಾನೆ ಎಂದು ಗೊತ್ತಾಯಿತು. ಜಂಬಗಾರ ಕೆಟ್ಟವನಾಗಲು ಬೇಕಾದದ್ದು ಅಷ್ಟೇ. ಅವನ ಮುಖಕ್ಕಿಷ್ಟು ಮಂಗಳಾರತಿ ಎತ್ತ.

ಆ ವರ್ಷ ಭಾದ್ರಪದದಲ್ಲಿ ಇಲಿ ಬಿದ್ದವು. ಪ್ಲೇಗು ನಮಗೆ ಹೊಸದಲ್ಲ. ಆರು ವರ್ಷದ ಹಿಂದೆ ಒಂದು ಸಲ ಬಂದಿತ್ತು. ಆಗ ಮೊದಲ ಇಲಿ ಬಿದ್ದ ಕೂಡಲೇ ಊರು ಬಿಟ್ಟು, ದಿಬ್ಬದ ಹೊಲಗಳಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು ಮೂರು ತಿಂಗಳು ಇದ್ದೆವು. ಸತ್ತವರು ನಾಲ್ಕೇ ಜನ. ಹಾಗಾಗಿ ಈ ಸಲವೂ ಜನ ಚಾಪೆ, ಮಡಕೆ ಕಟ್ಟಿಕೊಳ್ಳಲು ಶುರು ಮಾಡಿದರು. ನನಗಂತೂ ಬೆಂಕಿಯ ಮೇಲೆ ನಿಂತ ಹಾಗಿತ್ತು. ಬೀರೂರಿಗೆ ಕೊಟ್ಟಿದ್ದ ಮಗಳು ಕಮಲಾಕ್ಷಿ ಚೊಚ್ಚಲು ಹೆರಿಗೆಗೆ ಬಂದಿದ್ದಳು. ಎಂಟು ತುಂಬಿತ್ತು. ನನಗಿದ್ದದ್ದು ಅವಳೊಬ್ಬಳೇ, ಅವಳಿಗೆ ಮುಂಚಿನವು ಎರಡು ಹುಟ್ಟಿ ಸತ್ತಿದ್ದವು.

ಆದರೆ ತಮ್ಮಯ್ಯನ ಚಿಂತೆ ಬೇರೆ ಇತ್ತು. ಆ ವರ್ಷದ ದಸರೆಗೆ ಮೈಸೂರಿನಲ್ಲಿ ನಡೆಯುವ ಪ್ರಜಾಪ್ರತಿನಿಧಿ ಸಭೆಗೆ ಅವನ ಹೆಸರು ಬಂದಿತ್ತು. ಜರಿ ಪೇಟ ಬಂದಿತ್ತು, ಉದ್ದ ಕೋಟು ಹೊಲಿಸಿದ್ದಾಗಿತ್ತು, ತರೀಕೆರೆಗೆ ಹೋಗಿ ಅದನ್ನೆಲ್ಲ ತೊಟ್ಟು ಫೋಟೋ ತೆಗೆಸಿಕೊಂಡು ಬಂದಿದ್ದ. ಇಲಿ ಬಿದ್ದ ಸುದ್ದಿ ಅಮಲ್ದಾರರಿಗೆ ಹೋದರೆ ಊರಿಗೆ ಪ್ಲೇಗಿನ ಊರು ಎಂದು ಹೆಸರು ಬೀಳುತ್ತದೆ. ಪ್ಲೇಗಿನ ಊರಿನವರನ್ನು ಮೈಸೂರಿಗೆ ಬಿಡುವುದಿಲ್ಲ. ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂತರೆ ಸುದ್ದಿ ಮುಚ್ಚಿಡುವುದು ಹೇಗೆ? ಸತ್ತ ಇಲಿಗಳನ್ನು ತಿಪ್ಪೆಯಲ್ಲಿ ಸುಡಿಸಿದ. ಆಮೇಲೆ ಡಂಗುರ ಹೊಡೆಸಿ ಎಲ್ಲರನ್ನೂ ಗುಡಿಗೆ ಕರೆಸಿದ.

"ನಿನ್ನ ನಂಬಿ ಊರಾಗೇ ಇರಬೇಕೇನಪ್ಪ ಸ್ವಾಮಿ?" ಎಂದು ಕೆಂಚಪ್ಪ ಕೇಳಿದ.

ಹೂ ಬಲಕ್ಕೆ ಬಿತ್ತು. ಬೀಳದೆ ಇನ್ನೇನಾದೀತು. ಜನ ಕಣ್ಣೀರು ಹಾಕಿದರು, ದೇವರು ಕಾಯುತ್ತಾನೆ ಎಂದು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಹೋಗಿ ಕಟ್ಟಿದ ಚಾಪೆ ಬಿಚ್ಚಿದರು. ತಮ್ಮಯ್ಯ ಇನ್ನೊಂದು ಮಾತೂ ಸೇರಿಸಿದ. ಹೂ ಮೀರಿ ಊರು ಬಿಟ್ಟವರಿಂದ ಊರಿಗೆಲ್ಲ ಕೇಡು, ಅಂಥವರ ಮನೆಗೆ ಯಾರೂ ಬೆಂಕಿ ಕೊಡಬಾರದು, ನೀರು ಕೊಡಬಾರದು, ಸೂಲಗಿತ್ತಿಯೂ ಹೋಗಬಾರದು. ಹಾಗೆನ್ನುವಾಗ ಅವನು ನೋಡಿದ್ದು ನನ್ನನ್ನು.

ಮನೆಗೆ ಬಂದು ಗಂಡನ ಕಾಲು ಹಿಡಿದೆ, ಕುತ್ತಿಗೆ ಹಿಡಿಯುವುದೊಂದು ಬಾಕಿ ಇತ್ತು. "ಹೋಗಿ ಹೇಳ್ರೀ, ಗುಳಿಯಿಂದ ಹಿಂಗಾಗ್ತದೆ ಅಂತ. ಮಗಳ ಮುಖ ನೋಡ್ರೀ."

"ಹೇಳಿದ್ರೆ ಏನಾಗ್ತದೆ ಗೊತ್ತಾ? ಮನುಷ್ಯನ ಮುಖನ ದೇವರಿಗೆ ಇಟ್ಟವನು ನಾನು. ಕೈ ಕಡೀತಾರೆ," ಎಂದ. ಆಮೇಲೆ, "ಮುಖ ಒಡೆದು ಕರಗಿಸ್ತಾರೆ," ಎಂದ. ಎರಡನೆಯದನ್ನು ಹೇಳುವಾಗ ಅವನ ಧ್ವನಿ ನಡುಗಿತು. ಮೊದಲನೆಯದಕ್ಕೆ ನಡುಗಿರಲಿಲ್ಲ.

ಮೂರನೆಯ ದಿನ ನಮ್ಮ ಬೀದಿಯಲ್ಲಿ ಒಬ್ಬ ಸತ್ತ. ಕಂಕುಳಲ್ಲಿ ಗಡ್ಡೆ ಎದ್ದಿತ್ತು. ಎರಡು ದಿನದಲ್ಲಿ ಮತ್ತೆ ಮೂವರು. ಜನ ಹೆದರಿದರು, ಆದರೆ ಹೂ ಮೀರಲಿಲ್ಲ. ಸೋಮವಾರ ನಾನು ತೆಂಗಿನಕಾಯಿ ಹಿಡಿದು ಗುಡಿಗೆ ಹೋದೆ. ನಮ್ಮಲ್ಲಿ ಸೋಮವಾರ ಒಂದೊಂದು ಮನೆಗೆ ಒಂದು ಕಾಯಿ, ಒಂದು ಪ್ರಶ್ನೆ. ನನ್ನ ಲೆಕ್ಕಾಚಾರ ಇಷ್ಟೇ. ಊರವರೆಲ್ಲ ಊರು ಬಿಡಬೇಕೇ ಎಂದು ನಾನು ಕೇಳಿದರೆ ಹೂ ಅದಕ್ಕೂ ಬಲಕ್ಕೇ ಬೀಳುತ್ತದೆ. ಇರು ಎಂದೂ ಹೇಳಿದ, ಹೋಗು ಎಂದೂ ಹೇಳಿದ ದೇವರನ್ನು ಎಂಥ ದಡ್ಡನಾದರೂ ತಿರುಗಿ ನೋಡುತ್ತಾನೆ. ಮುಖ ಬಯಲಾಗುತ್ತದೆ, ಊರು ಉಳಿಯುತ್ತದೆ. ಗಂಡನ ಗತಿ ಏನಾಗುತ್ತದೋ ಆಗಲಿ. ಹಾಗೆ ಅಂದುಕೊಂಡೇ ಮೆಟ್ಟಿಲು ಹತ್ತಿದೆ. ಪೂರ್ತಿ ನಿರ್ಧಾರ ಮಾಡಿಕೊಂಡಿದ್ದೆನೇ? ಮಾಡಿಕೊಂಡಿದ್ದೆ ಎಂದು ಹೇಳಿಕೊಳ್ಳುವುದು ನನಗೆ ಇಷ್ಟ.

ತಮ್ಮಯ್ಯ ಬೆಳ್ಳಿ ಮುಖದ ಕೆಳಗೇ ಕಂಬಕ್ಕೊರಗಿ ಕೂತಿದ್ದ. ಮೇಲೊಂದು ನಗು, ಕೆಳಗೊಂದು ನಗು. ನನಗೆ ಮಾತ್ರ ಕೇಳಿಸುವ ಹಾಗೆ ಹೇಳಿದ. "ಮನೆ ಪ್ರಶ್ನೆ ಕೇಳು ಮೀನಾಕ್ಷಮ್ಮ. ಮಗಳನ್ನ ಆಚೆ ಕರ್ಕೊಂಡು ಹೋಗು, ನಂದೇನೂ ಅಡ್ಡಿಯಿಲ್ಲ. ಒಂದು ಗುಡಿಸಲು ಯಾರ ಕಣ್ಣಿಗೆ ಬೀಳ್ತದೆ. ಊರ ಪ್ರಶ್ನೆ ಕೇಳಕ್ಕೆ ಪಟೇಲ ಅವ್ನೆ."

ಕೆಂಚಪ್ಪ, "ಏನು ಕೇಳ್ಲವ್ವಾ?" ಎಂದ. ನನ್ನ ಹಿಂದೆ ಊರಿನ ಅರ್ಧ ಜನ ನಿಂತಿದ್ದರು. ಪಕ್ಕದಲ್ಲೇ ಹುಚ್ಚಮ್ಮ ನಿಂತು ನನಗಾಗಿ ತಾನೂ ಕೈಮುಗಿದಿದ್ದಳು.

"ನನ್ನ ಮಗಳನ್ನ ಕರ್ಕೊಂಡು ದಿಬ್ಬದ ಹೊಲಕ್ಕೆ ಹೋಗ್ಲಾ ಅಂತ ಕೇಳು," ಎಂದೆ.

ಬಲಕ್ಕೆ ಬಿತ್ತು. "ಏನು ಪುಣ್ಯ ಮಾಡಿದ್ಯೋ ಮೀನಾಕ್ಷಿ," ಎಂದು ಹುಚ್ಚಮ್ಮ ನನ್ನ ಗಲ್ಲ ಹಿಡಿದಳು. ಹೆಂಗಸರು ಬಂದು ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು, ಕೆಂಚರಾಯ ಆರಿಸಿ ತೆಗೆದ ಹೆಂಗಸು ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ಹೆಮ್ಮೆಯಾಯಿತು. ಸುಳ್ಳು ಹೂ ಎಂದು ಚೆನ್ನಾಗಿ ಗೊತ್ತಿದ್ದೂ ಎದೆಯುಬ್ಬಿತು. ಹುಚ್ಚಮ್ಮ ಪೂಜಾರಿಯನ್ನು, "ಅವರಿಗೆ ಹೋಗು ಅಂತಾನೆ, ಹಂಗಾರೆ ನಮಗೆ?" ಎಂದು ಕೇಳಿದಳು. "ನಿಮಗೆ ಅವತ್ತೇ ಹೇಳಾಗೈತಲ್ಲ, ಇನ್ಯಾರೂ ಇದನ್ನ ಮತ್ತೆ ಕೇಳಬಾರ್ದು," ಎಂದು ತಮ್ಮಯ್ಯ ಎದ್ದು ಹೋದ. ನಾನು ಕಾಯಿಯ ಹೋಳು ಎತ್ತಿಕೊಂಡು ಮನೆಗೆ ಬಂದೆ.

ಅವತ್ತೇ ಮಧ್ಯಾಹ್ನ ಮಗಳನ್ನು ದಿಬ್ಬಕ್ಕೆ ಕರೆದುಕೊಂಡು ಹೋದೆ. ಗಂಡ ಬರಲಿಲ್ಲ. ಆಯುಧಪೂಜೆಗೆ ಮುಖ ಬೆಳಗಬೇಕಂತೆ, ಬೇರೆಯವರ ಕೈಗೆ ಕೊಟ್ಟರೆ ಗೀರು ಬೀಳುತ್ತದಂತೆ. ಎಂಟನೆಯ ದಿನ ಕೆರೆಯ ಏರಿಯ ಮೇಲೆ ನಿಂತು ಯಾರೋ ಕೂಗಿ ಹೇಳಿದರು, ಆಚಾರಿ ಹೋದ ಎಂದು. ನಾನು ಅತ್ತೆ. ದುಃಖಕ್ಕಿಂತ ಸಿಟ್ಟಿನಲ್ಲಿ ಅತ್ತೆ, ಆ ಸಿಟ್ಟು ಇನ್ನೂ ಆರಿಲ್ಲ.

ತಮ್ಮಯ್ಯನ ಕಥೆಯನ್ನೂ ಇಲ್ಲೇ ಮುಗಿಸಿಬಿಡುತ್ತೇನೆ, ಅವನ ಹೆಸರು ಮತ್ತೆ ಬಾಯಲ್ಲಿ ತರುವ ಆಸೆ ನನಗಿಲ್ಲ. ಅವನು ಜರಿ ಪೇಟ ಸುತ್ತಿಕೊಂಡು ಅಜ್ಜಂಪುರದಲ್ಲಿ ರೈಲು ಹತ್ತಿ ಮೈಸೂರಿಗೆ ಹೋದ. ಅವನಿಗೆ ಪ್ಲೇಗು ಬರಲಿಲ್ಲ. ದಾರಿಯಲ್ಲಿ ಯಾವ ಡಾಕ್ಟರೂ ತಡೆಯಲಿಲ್ಲ. ಸಭೆಯಲ್ಲಿ ಕೂತು, ದೀಪ ನೋಡಿ, ಮೈ ಕೈ ತುಂಬಿಕೊಂಡು ವಾಪಸು ಬಂದ. ಬರುವ ಹೊತ್ತಿಗೆ ಊರಲ್ಲಿ ಮೂವತ್ತೊಂದು ಹೆಣ ಬಿದ್ದಿತ್ತು. ಇದು ಊರು ಮಾಡಿದ ಪಾಪಕ್ಕೆ ಬಂದ ಶಿಕ್ಷೆಯೇ ಎಂದು ಅವನು ಹೂ ಕೇಳಿಸಿದ. ಬಲಕ್ಕೆ ಬಿತ್ತು. ಉಳಿದವರು ತಪ್ಪುಕಾಣಿಕೆ ಕಟ್ಟಿದರು. ದೇವರಿದ್ದಾನೆ, ನೋಡಿಕೊಳ್ಳುತ್ತಾನೆ ಎಂದು ನನ್ನ ಮುಂದೆ ಯಾರಾದರೂ ಅಂದರೆ ಎದ್ದು ಹೋಗುತ್ತೇನೆ.

ಕಮಲಾಕ್ಷಿಗೆ ಬೇನೆ ಬಂದದ್ದು ಪಟೇಲ ಇನ್ನೂ ಮೈಸೂರಿನಲ್ಲಿದ್ದಾಗ, ಒಂದು ಬೆಳಗ್ಗೆ. ದಿನಕ್ಕೆ ಮುಂಚೆಯೇ ಬಂತು. ಮಗು ಅಡ್ಡ ತಿರುಗಿದೆ ಎಂದು ಕೈಯಿಟ್ಟಾಗಲೇ ಗೊತ್ತಾಯಿತು, ಬಿಡಿಸುವುದು ನನ್ನಿಂದಾಗುವ ಕೆಲಸವಲ್ಲ. ಕೆರೆಯ ಏರಿಗೆ ಓಡಿ ಹುಚ್ಚಮ್ಮನ ಹೆಸರು ಹಿಡಿದು ಕೂಗಿದೆ. ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ. ಎಷ್ಟೋ ಹೊತ್ತಾದ ಮೇಲೆ ಅವಳು ಕೋಲೂರಿಕೊಂಡು ಬಂದಳು. ಒಂದು ತೋಳನ್ನು ಮೈಗೆ ತಾಕಿ‍ಸದೆ ದೂರ ಹಿಡಿದುಕೊಂಡಿದ್ದಳು. ಕಣ್ಣು ಕೆಂಪಗಿದ್ದವು. ನಾನು ನೋಡಿದೆ, ನೋಡಿಯೂ ಏನೆಂದು ಕೇಳಲಿಲ್ಲ. ಕೇಳಿದರೆ ಅವಳನ್ನು ಹಿಂದಕ್ಕೆ ಕಳಿಸಬೇಕಾಗುತ್ತದಲ್ಲ.

"ಹೂ ಮೀರಿ ಬಂದಿಲ್ಲ ಕಣೇ," ಎಂದಳು. "ನಿಂಗೆ ಅವನೇ ಹೋಗು ಅಂದವ್ನೆ, ಅದಕ್ಕೇ ಬಂದೆ." ಬಿಸಿನೀರು ಕಾಯಿಸಿಕೊಂಡು, ಉಟ್ಟದ್ದನ್ನು ಹೊರಗೆ ಬಿಚ್ಚಿಹಾಕಿ, ನನ್ನ ಒಗೆದ ಸೀರೆ ಉಟ್ಟು, ಮೊಣಕೈವರೆಗೆ ಉಜ್ಜಿ ತೊಳೆದು ಒಳಗೆ ಹೋದಳು. ಒಂದು ಜಾವ ಒದ್ದಾಡಿದಳು. ಜ್ವರದಲ್ಲಿ ಮೈ ನಡುಗುತ್ತಿತ್ತು, ಕೈ ಮಾತ್ರ ನಡುಗಲಿಲ್ಲ. ಮಗುವನ್ನು ತಿರುಗಿಸಿ ಹೊರಗೆ ತೆಗೆದಳು. ಹೆಣ್ಣುಮಗು, ಹುಟ್ಟಿದ ಕೂಡಲೇ ಅತ್ತಿತು. ಕಮಲಾಕ್ಷಿ ಉಳಿದಳು. ನನಗೆ ಬೇಕಾದದ್ದು ಅಷ್ಟೇ ಇತ್ತು, ಅಷ್ಟೂ ಸಿಕ್ಕಿತು.

ಹುಚ್ಚಮ್ಮ ಹೊರಗೆ ಬಂದು ಗುಡಿಸಲಿನಿಂದ ನಾಲ್ಕು ಮಾರು ಆಚೆ, ಹೊಂಗೆಯ ಬುಡದಲ್ಲಿ ಕೂತಳು. ನೀರು ಕೊಟ್ಟೆ. ಚೊಂಬನ್ನು ನೆಲಕ್ಕಿಡಿಸಿ ಆಮೇಲೆ ಎತ್ತಿಕೊಂಡಳು. ಕುಡಿಯುವಾಗ ಸೆರಗು ಸರಿದು ಕಂಕುಳ ಕೆಳಗಿನ ಗಡ್ಡೆ ಕಾಣಿಸಿತು. ಬಾಗಿಲಲ್ಲಿ ಕಮಲಾಕ್ಷಿ ತಟ್ಟಿಗೊರಗಿ ಕೂತು, ಮಗುವನ್ನು ಎದೆಗವಚಿಕೊಂಡು, ನಮ್ಮಿಬ್ಬರನ್ನೂ ನೋಡುತ್ತಿದ್ದಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ," ಎಂದಳು ಹುಚ್ಚಮ್ಮ. "ನಿಮ್ಗೆ ಹೋಗು ಅಂದ, ನಮ್ಗೆ ಇರು ಅಂದ. ಇದ್ವಿ. ನನ್ನ ತಮ್ಮ ಹೋದ, ಅವನ ಹೆಂಡ್ರು ಹೋದ್ಲು, ಎಲ್ಡು ಮಕ್ಳು ಹೋದ್ವು. ಈಗ ನಾನೂ ಹೊಂಟೆ. ಯಾವ ಹರಕೇನೂ ತಪ್ಸಿಲ್ಲ ನಾನು. ಯಾರ ಮನೇದೂ ಕದ್ದು ತಿಂದಿಲ್ಲ. ನಾವೇನು ತಪ್ಪು ಮಾಡಿದ್ವಿ ಅಂತ ನಮ್ಮನ್ನ ಸಾಯಕ್ಕೆ ಇಟ್ಟ? ನೀನು ಅವನಿಗೆ ಬೇಕಾದೋಳು. ನಿಂಗೆ ಗೊತ್ತಿರ್ತದೆ, ಹೇಳು."

ಹೇಳುವುದು ನಾಲ್ಕು ಮಾತಿತ್ತು. ನಿನ್ನ ತಪ್ಪೇನೂ ಇಲ್ಲ. ಅದು ದೇವರ ಮಾತಲ್ಲ, ಬೆಳ್ಳಿಯ ಗುಳಿ. ಮಾಡಿದವನು ನನ್ನ ಗಂಡ, ಮಾಡಿಸಿದವನು ಪಟೇಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು ನಾನು. ಹೇಳಿದರೆ ನನಗೆ ಏನೂ ಆಗುತ್ತಿರಲಿಲ್ಲ. ಗಂಡ ಸತ್ತಿದ್ದ, ಪಟೇಲ ಊರಲ್ಲಿರಲಿಲ್ಲ, ಹುಚ್ಚಮ್ಮ ನಾಳೆ ನಾಡಿದ್ದರಲ್ಲಿ ಹೋಗುವವಳು. ಭಯ ಎಂದು ಹೇಳಿ ತಪ್ಪಿಸಿಕೊಳ್ಳಲು ಭಯವೂ ಉಳಿದಿರಲಿಲ್ಲ. ಆದರೆ ಬಾಗಿಲಲ್ಲಿ ಮಗಳಿದ್ದಳು. ದೇವರೇ ಆರಿಸಿ ತೆಗೆದ ತಾಯಿಯನ್ನು ನೋಡುವ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದಳು. ಆ ಕಣ್ಣಲ್ಲಿ ನಾನು ಸಣ್ಣವಳಾಗಲು ನನಗೆ ಮನಸ್ಸು ಬರಲಿಲ್ಲ.

"ಅವನಿಚ್ಛೆ ಕಣೇ ಹುಚ್ಚಮ್ಮ," ಎಂದೆ. "ನಿಂದೇನೋ ಹಳೇ ಪಾಪ ಇರಬೇಕು."

ಅವಳು ಚೊಂಬಿನಲ್ಲಿ ಉಳಿದ ನೀರನ್ನು ಹೊಂಗೆಯ ಬುಡಕ್ಕೆ ಚೆಲ್ಲಿದಳು. "ಇರಬೌದು," ಎಂದಳು. ಆಮೇಲೆ ಮಗುವಿನ ಕಡೆಗೊಮ್ಮೆ ನೋಡಿ, ಕೋಲು ಹಿಡಿದು ಎದ್ದು ಕೆರೆಯ ಏರಿಯ ಮೇಲೆ ಊರಿನ ಕಡೆ ನಡೆದಳು. ನಡೆಯುತ್ತಾ ನಡೆಯುತ್ತಾ ಎರಡು ಸಲ ನಿಂತಳು. ತಾನು ಮಾಡಿರಬಹುದಾದ ಪಾಪ ಯಾವುದೆಂದು ನೆನಪು ಮಾಡಿಕೊಳ್ಳುತ್ತಿದ್ದಳು ಎಂದು ಕಾಣುತ್ತದೆ.